ಗೋಡೆಗೆ ಬೂಷ್ಟು ಬಂದಿದೆಯೇ? ಬಣ್ಣ ಬಳಿಯುವ ಮುನ್ನ ಇದನ್ನು ಓದಿ



ಎರಡು ಹಾಡುಗಳ ನಡುವೆ ಹೇಳಿ ಮುಗಿಸಲಾಗದ ಮಾತೊಂದನ್ನು ಈ ಸಲ ಬರೆದೇ ತಿಳಿಸುತ್ತಿದ್ದೇನೆ.

2025ರ ಸೆಪ್ಟೆಂಬರ್ 23ರ ಮಳೆ ನಿಮಗೆ ನೆನಪಿರಬೇಕು. ದುರ್ಗಾಪೂಜೆಗೆ ಕೆಲವೇ ದಿನಗಳಿದ್ದಾಗ ಕೊಲ್ಕತ್ತಾದಲ್ಲಿ ಒಂದೇ ದಿನಕ್ಕೆ 250 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ನಿಂತ ನೀರಿನಲ್ಲಿ ವಿದ್ಯುತ್ ಹರಿದು ಜೀವಗಳೇ ಹೋದವು. ಅದರ ಮುಂದೆ ನಮ್ಮ ಬಾಡಿಗೆ ಮನೆಯ ಕಷ್ಟ ಸಣ್ಣದು. ಛಾವಣಿಯಿಂದ ನೀರಿಳಿದು ಬೀರುವಿನ ಹಿಂದಿನ ಗೋಡೆ ನೆನೆಯಿತು. ಹಬ್ಬ ಬಂತಲ್ಲ ಎಂದು ಅವಸರದಲ್ಲಿ ಮೇಲೆ ಬಣ್ಣ ಹೊಡೆಸಿದೆವು. ದೀಪಾವಳಿಯ ಹೊತ್ತಿಗೆ ಆ ಬಣ್ಣ ಹಪ್ಪಳದಂತೆ ಉಬ್ಬಿ, ಅಡಿಯಿಂದ ಕಪ್ಪು ಚುಕ್ಕೆಗಳು ಇಣುಕಿದವು. ಅದೇ ಕೋಣೆಯಲ್ಲಿ ಮಲಗುವ ನಮ್ಮ ಅತ್ತೆಗೆ ಉಬ್ಬಸ ಹೆಚ್ಚಾಯಿತು.

ನಮ್ಮ ಬಂಗಾಳಿ ನೆರೆಯವರು ಬೂಷ್ಟಿಗೆ 'ಛಾತಾ' ಎನ್ನುತ್ತಾರೆ. ಛಾತಾ ಎಂದರೆ ಕೊಡೆ. ನಾವು ಅಣಬೆಗೆ 'ನಾಯಿಕೊಡೆ' ಎನ್ನುವುದಿಲ್ಲವೇ? ಎರಡೂ ಭಾಷೆಯ ಜನ ಸರಿಯಾಗಿಯೇ ಗುರುತಿಸಿದ್ದಾರೆ. ಬೂಷ್ಟು, ಅಣಬೆ ಎರಡೂ ಶಿಲೀಂಧ್ರಗಳೇ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಅವುಗಳಿಗೆ ಬೇಕಾದದ್ದು ತೇವ. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅಲ್ಲಿ ಬೂಷ್ಟು ಬೇರೂರಬಹುದು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಸೋರಿಕೆ ನಿಲ್ಲಿಸಿ. ಪೈಪೋ, ಛಾವಣಿಯ ಬಿರುಕೋ ನೋಡಿಸಿ. ಅದು ನಿಲ್ಲದೆ ಎಷ್ಟು ಉಜ್ಜಿದರೂ ಬೂಷ್ಟು ಮತ್ತೆ ಬರುತ್ತದೆ. ನೀರು ಸ್ವಿಚ್‌ಬೋರ್ಡಿನ ಹತ್ತಿರ ಇಳಿದಿದ್ದರೆ ಗೋಡೆ ಮುಟ್ಟಬೇಡಿ; ನೆಲ ಒಣಗಿದ್ದರೆ ಮಾತ್ರ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ.

ಬೂಷ್ಟು ಸುಮಾರು ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು. ಹೆಚ್ಚಿದ್ದರೆ ಕೆಲಸ ಬಲ್ಲವರನ್ನು ಕರೆಸಿ. ಆಸ್ತಮಾ ಇರುವವರು, ಮಕ್ಕಳು, ಗರ್ಭಿಣಿಯರು ಆ ಹೊತ್ತು ಬೇರೆ ಕಡೆ ಇರಲಿ. ಕೊರೋನಾ ಕಾಲದ ಎನ್-95 ಮಾಸ್ಕ್, ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆರೆದು, ಒಳಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಸೋಪಿನ ಪುಡಿ ಬೆರೆಸಿದ ನೀರಿನಿಂದ ಒದ್ದೆ ಮಾಡಿಯೇ ಉಜ್ಜಿ, ಒರೆಸಿ, ಒಣಗಿಸಿ. ಹಳೆಯ ಮನೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನೂ ಒಣಗಿದಂತೆಯೇ ಕೆರೆಯಬಾರದು.

ಒಂದು ಮಾತು ಮರೆಯಬೇಡಿ. ಬ್ಲೀಚಿಂಗ್ ಪುಡಿಗೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ಎರಡು ಬೇರೆ ಬೇರೆ ಕ್ಲೀನರ್‌ಗಳನ್ನು ಎಂದೂ ಒಂದು ಬಕೆಟ್ಟಿಗೆ ಸುರಿಯಬೇಡಿ.

ಬೂಷ್ಟು ಹಿಡಿದ ಬಟ್ಟೆ ಒಗೆದು ಬಿಸಿಲಿಗೆ ಹಾಕಿದರೆ ಉಳಿಯುತ್ತದೆ. ನೆನೆದು ದಿನಗಳಾದ ಹತ್ತಿ ಹಾಸಿಗೆ, ದಿಂಬು, ರಟ್ಟಿನ ಪೆಟ್ಟಿಗೆಗಳ ಆಸೆ ಬಿಡಿ.

ಗೋಡೆ ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆಯಲ್ಲಿ ಇನ್ನೂ ನೀರಿದೆ, ಬಣ್ಣಕ್ಕೆ ಕಾಯಿರಿ.

ಮಲೆನಾಡಿನ ಮನೆಗಳಲ್ಲಿ ಒಲೆಯ ಬಿಸಿ, ಹೊಗೆ ಅಟ್ಟವನ್ನು ಒಣಗಿಸುತ್ತಿದ್ದವು. ಫ್ಲ್ಯಾಟಿನಲ್ಲಿ ಆ ಭಾಗ್ಯವಿಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಮಳೆ ಹೊಳವಾದಾಗ ಕಿಟಕಿ ತೆರೆಯಿರಿ. ಏಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಓಡಿಸಿ. ಕೋಣೆಯ ತೇವಾಂಶ ಶೇಕಡಾ 60ರೊಳಗೆ ಇದ್ದರೆ ಒಳ್ಳೆಯದು.

ನಾವು ಆ ಬಣ್ಣವನ್ನೆಲ್ಲ ತೆಗೆಸಿ, ಛಾವಣಿಯ ಬಿರುಕು ಮುಚ್ಚಿಸಿ, ಚಳಿಗಾಲವಿಡೀ ಬೋಳು ಗೋಡೆಯೊಂದಿಗೇ ಇದ್ದೆವು. ಮನೆಗೆ ಬಂದವರು ನೋಡಿ ನಕ್ಕರು. ಅತ್ತೆ ಮಾತ್ರ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ. ನಮಗೆ ಅಷ್ಟು ಸಾಕು.

ನಿಮ್ಮ ಬೀರುವಿನ ಹಿಂದೆಯೂ ಇವತ್ತೇ ಒಮ್ಮೆ ಇಣುಕಿ ನೋಡಿ. ಮತ್ತೆ ಬಾನುಲಿಯಲ್ಲಿ ಸಿಗೋಣ, ನಮಸ್ಕಾರ.