ಕಸೂತಿ ಸೀರೆ ತಡವಾದರೆ

ಇನ್‌ಸ್ಟಾಗ್ರಾಮ್‌ನಲ್ಲಿ ಆರ್ಡರ್ ಮಾಡಿದ ಇಳಕಲ್ ಕಸೂತಿ ಸೀರೆ ಹೇಳಿದ ದಿನಕ್ಕೆ ಬರಲಿಲ್ಲವಾ? ‘ಮೋಸ’ ಅಂತ ಕಾಮೆಂಟ್ ಹಾಕೋ ಮೊದಲು ಸ್ವಲ್ಪ ತಡೀರಿ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸ್ತಾರೆ. ಮಳೆಗಾಲದಲ್ಲಿ ಕುಣಿಮಗ್ಗದ ಗುಂಡಿಗೆ ತೇವ ಏರುತ್ತೆ, ಗಂಜಿ ಹಾಕಿದ ನೂಲು ಬೇಗ ಒಣಗೋದಿಲ್ಲ. ಆಮೇಲೆ ಕಸೂತಿ: ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ. ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕೋ ಹೊಲಿಗೆ. ಒಂದೆಳೆ ತಪ್ಪಿದರೂ ಗೋಪುರದ ಚಿತ್ತಾರ ವಾರೆಯಾಗುತ್ತೆ, ಬಿಚ್ಚಿ ಮತ್ತೆ ಹಾಕಬೇಕು. ಇದನ್ನು ಮಾಡೋರು ಬಹುಪಾಲು ಹೆಣ್ಮಕ್ಕಳು, ಅದೂ ಮನೆಗೆಲಸದ ನಡುವೆ. ಅವರಿಗೆ ಒಂದು ವಾರ ಹೆಚ್ಚು ಕೊಡೋದು ನನಗಂತೂ ನ್ಯಾಯ ಅನ್ಸುತ್ತೆ.

ಕೇಳಲೇಬೇಡಿ ಅಂತಲ್ಲ. ‘ಅಕ್ಕಾ, ಕೆಲಸ ಎಲ್ಲಿಗೆ ಬಂತು? ಒಂದು ಫೋಟೋ ಕಳಿಸ್ತೀರಾ?’ ಅನ್ನಿ. ನಿಜವಾಗಿ ಹೊಲೀತಿರೋರು ಅರ್ಧ ಆದ ಸೆರಗನ್ನಾದರೂ ತೋರಿಸ್ತಾರೆ.

ಉತ್ತರವೇ ಇಲ್ಲ, ನಿಮ್ಮ ನಂಬರ್ ಬ್ಲಾಕ್ ಮಾಡಿದ್ದಾರೆ ಅಂದ್ರೆ ಮಾತು ಬೇರೆ. ಶಾಪಿಂಗ್ ತಾಣದಲ್ಲಿ ಕೊಂಡಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ತಾಣದವರು ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ, ಇಲ್ಲವೇ ಇನ್‌ಸ್ಟಾಗ್ರಾಮ್‌ನಲ್ಲೇ ಕೊಂಡಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಹಣ ಕಳಿಸಿದ ರಸೀದಿ, ಚಾಟ್ ಎರಡನ್ನೂ ಅಳಿಸದೆ ಇಟ್ಟುಕೊಂಡಿರಿ.