ಗಣಕತಂತ್ರಾಂಶಗಳಲ್ಲಿ ನಿಯಂತ್ರಕವಿಭಾಗ

ಗಣಕಯಂತ್ರದ ತಂತ್ರಾಂಶವನ್ನು ಮೂರು ಅಂಗಗಳಾಗಿ ವಿಭಜಿಸುವ ಕ್ರಮವನ್ನು ನಾರ್ವೆ ದೇಶದ ಟ್ರಿಗ್ವೆ ರೀನ್‌ಸ್ಕೌಗ್ ಎಂಬವರು 1979ರಲ್ಲಿ, ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ನಿರೂಪಿಸಿದರು. ವಿಷಯವನ್ನು ಧರಿಸಿರುವುದು ಮಾಡೆಲ್. ಅದನ್ನು ತೆರೆಯ ಮೇಲೆ ತೋರಿಸುವುದು ವ್ಯೂ. ಕೀಲಿಮಣೆ, ಮೌಸುಗಳಿಂದ ಬಂದ ಅಪ್ಪಣೆಯನ್ನು ಗ್ರಹಿಸಿ ನಡೆಯಿಸುವುದು ಕಂಟ್ರೋಲರ್. ಇವಕ್ಕೆ ಕ್ರಮವಾಗಿ ವಸ್ತು, ದರ್ಶನ, ನಿಯಂತ್ರಕ ಎಂಬ ಹೆಸರುಗಳು ಸಲ್ಲುವುವು.

ತೆಂಕುತಿಟ್ಟಿನ ಯಕ್ಷಗಾನವನ್ನು ಬಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯವರಿಗೆ ಈ ವಿಭಾಗವು ಅಪರಿಚಿತವೆನಿಸದು. ಪ್ರಸಂಗವೇ ವಸ್ತು, ಮುಮ್ಮೇಳದ ವೇಷಗಳೇ ದರ್ಶನ, ಜಾಗಟೆ ಹಿಡಿದ ಭಾಗವತರೇ ನಿಯಂತ್ರಕರು. ಅವರು ಪದವನ್ನೆತ್ತಿದಲ್ಲದೆ ವೇಷವು ಕುಣಿಯದು. ಆದರೆ ಅವರು ತಾವೇ ಕುಣಿಯುವವರಲ್ಲ. ವೇಷಧಾರಿಗೆ ಅರ್ಥಗಾರಿಕೆಯಲ್ಲಿ ಸ್ವಾತಂತ್ರ್ಯವಿದೆಯಲ್ಲವೇ ಎಂದರೆ, ದೃಷ್ಟಾಂತಕ್ಕೆ ಏಕದೇಶಸಾಮ್ಯವೇ ಸಾಕು.

ಕಿಟಕಿಗಳು ಹಲವಿರುವಲ್ಲಿ ನಿಯಂತ್ರಕವು ಒಂದೋ, ಅನೇಕವೋ ಎಂಬುದು ಪ್ರಕೃತ ವಿಚಾರ. ಮೂಡುಬಿದಿರೆ ಮೊದಲಾದೆಡೆಗಳ ತಾಡಪತ್ರಗ್ರಂಥಗಳ ಸೂಚಿಯೊಂದನ್ನು ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದರು. ಅದು 1948ರಲ್ಲಿ ಪ್ರಕಟವಾಯಿತು. ಅಂತಹ ಸೂಚಿಯನ್ನು ಕನ್ನಡದಲ್ಲಿ ಗಣಕಕ್ಕೆ ಅಳವಡಿಸುವುದೆಂದಿಟ್ಟುಕೊಳ್ಳೋಣ. ಗ್ರಂಥವಿವರವನ್ನು ಬರೆಯಲು ಒಂದು ಕಿಟಕಿ, ಹುಡುಕಲು ಒಂದು, ಮುದ್ರಿಸಲು ಒಂದು. ಎಲ್ಲಕ್ಕೂ ಒಂದೇ ನಿಯಂತ್ರಕವು ಸಾಕೆಂಬುದು ಪೂರ್ವಪಕ್ಷ. ಅದು ಆರಂಭದಲ್ಲಿ ಸುಲಭವೇ. ಆದರೆ ಕಾಲಕ್ರಮದಲ್ಲಿ ಆ ಒಂದರೊಳಗೆ ಎಲ್ಲವೂ ತುಂಬಿ, ಮುದ್ರಣವನ್ನು ತಿದ್ದಹೋದರೆ ಹುಡುಕಾಟವು ಕೆಡುವುದು. ಗುಂಡಿಗೊಂದು ನಿಯಂತ್ರಕವೆಂದರೋ, ಯಾರ ಮಾತನ್ನು ಯಾರು ಕೇಳಬೇಕೆಂಬುದೇ ತಿಳಿಯದಾಗುವುದು. ಆದುದರಿಂದ ಕಾರ್ಯಭೇದದಿಂದಲೇ ನಿಯಂತ್ರಕಭೇದವು ಯುಕ್ತ. ಕಿಟಕಿಗೊಂದು ನಿಯಂತ್ರಕ, ಅವುಗಳ ಮೇಲೊಂದು ಮುಖ್ಯ ನಿಯಂತ್ರಕ. ಮುಖ್ಯವು ಯಾವ ಕಿಟಕಿಯನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂಬಷ್ಟನ್ನೇ ನಿರ್ಣಯಿಸತಕ್ಕದ್ದು. ಇಡೀ ರಾತ್ರಿಯ ಆಟದಲ್ಲಿ ಪೂರ್ವರಂಗವನ್ನು ಸಂಗೀತಗಾರನು ನಡೆಯಿಸಿ, ಕಥಾಭಾಗವನ್ನು ಭಾಗವತರು ಸರದಿಯಿಂದ ವಹಿಸಿಕೊಳ್ಳುವುದೂ ಇಂತಹ ವ್ಯವಸ್ಥೆಯೇ.

ನಿಯಂತ್ರಕವು ವಸ್ತುವಿನ ಧರ್ಮವನ್ನು ತನ್ನೊಳಗೆ ಇಟ್ಟುಕೊಳ್ಳಕೂಡದು ಎಂಬುದು ಇದಕ್ಕಿಂತಲೂ ಮುಖ್ಯವಾದ ನಿಯಮ. ಕನ್ನಡವನ್ನು ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆಯಿಂದಲೂ ಬರೆಯಬಹುದು, ಇನ್‌ಸ್ಕ್ರಿಪ್ಟ್ ಕ್ರಮದಿಂದಲೂ ಬರೆಯಬಹುದು. ನಿಯಂತ್ರಕವು ಬೇರೆಯಾದರೂ ಉಳಿಯುವ ಪಠ್ಯವು ಒಂದೇ ಆಗಿರಬೇಕು. ದರ್ಶನವೂ ಹಾಗೆಯೇ ಬೇರೆ. ‘ಅರ್ಕ’ ಎಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಕಕಾರಕ್ಕೆ ಮೊದಲು, ಅರ್ಕಾವೊತ್ತಿನ ಬರೆಹದಲ್ಲಿ ಅದರ ಬಳಿಕ. ಯೂನಿಕೋಡ್ ಸಂಕೇತದಲ್ಲಿ ರಕಾರ, ಹಲಂತಚಿಹ್ನೆ, ಕಕಾರ ಎಂದು ಉಚ್ಚಾರಣಾಕ್ರಮದಲ್ಲಿಯೇ ಸಂಗ್ರಹವಾಗುವುದು. ರೇಫವನ್ನು ಬಲಕ್ಕೆ ಸರಿಸುವುದು ದರ್ಶನದ ಕೆಲಸ.

ಯೂನಿಕೋಡಿಗೆ ಹಿಂದಿನ ಅಕ್ಷರಶೈಲಿಗಳಲ್ಲಿ ಈ ವಿವೇಕವಿರಲಿಲ್ಲ. ಕಣ್ಣಿಗೆ ಕಾಣುವ ಆಕೃತಿಗಳೇ ಕಡತದಲ್ಲಿ ಉಳಿದವು. ಅಂತಹ ಕಡತದಿಂದ ಪದಸೂಚಿಯನ್ನು ಯಂತ್ರಮುಖೇನ ಜೋಡಿಸಿದರೆ ‘ಅರ್ಕ’ವು ‘ಅರಸು’ವಿನ ಸಮೀಪಕ್ಕೆ ಬಾರದೆ ‘ಅಕಾಲ’ದ ನೆರೆಯಲ್ಲಿ ಕುಳಿತಿರುವುದು. ಹೀಗೆ ಬರೆದಿಟ್ಟ ಗ್ರಂಥಗಳನ್ನು ಇಂದು ಪರಿವರ್ತಿಸುವವರು ಪ್ರತಿಯೊಂದು ರೇಫವನ್ನೂ ಅದರ ಹಿಂದಣ ಸ್ಥಾನಕ್ಕೆ ಮರಳಿಸಬೇಕಾಗಿದೆ.