ರೋಗಿಯ ಎದುರು ಕುಳಿತು

ರೋಗಿಯೊಡನೆ ಮಾತನಾಡುವಾಗ ದಾದಿಯು ಎಲ್ಲಿರಬೇಕು? ಪ್ರಶ್ನೆ ಅಲ್ಪವೆನಿಸಬಹುದು. 1859ರಲ್ಲಿ ಪ್ರಕಟವಾದ 'ನೋಟ್ಸ್ ಆನ್ ನರ್ಸಿಂಗ್' ಗ್ರಂಥದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರು ಇದನ್ನೂ ವಿಚಾರಿಸಿದ್ದಾರೆ. ರೋಗಿಯು ಕಷ್ಟಪಟ್ಟು ಕತ್ತು ಹೊರಳಿಸದಂತೆ ಅವನ ಕಣ್ಣೆದುರಿಗೆ ಕೂರಬೇಕು. ಬಾಗಿಲಾಚೆ ಪಿಸುಗುಟ್ಟಬಾರದು, ಅದು ತನ್ನನ್ನೇ ಕುರಿತ ಮಾತೆಂದು ಅವನು ತಳಮಳಿಸುತ್ತಾನೆ. ಮರುವರ್ಷ, 1860ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಶುಶ್ರೂಷಾ ಶಾಲೆ ಆರಂಭವಾಯಿತು.

ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ಗೊಂಬೆಯ ಮೇಲೆ ಇಂಜೆಕ್ಷನ್ ಅಭ್ಯಾಸ ಮಾಡುತ್ತಾರೆ. ಅದು ಆಗಬೇಕಾದದ್ದೇ. ಆದರೆ ಗೊಂಬೆಗೆ ಭಯವಿಲ್ಲ, ಸಂಕೋಚವಿಲ್ಲ. ಊರಲ್ಲಿ ಬಿಟ್ಟುಬಂದ ಎಮ್ಮೆಯ ಚಿಂತೆಯಂತೂ ಇಲ್ಲವೇ ಇಲ್ಲ! 'ಅಜ್ಜೀ, ರಾತ್ರಿ ನಿಮಗೆ ಯಾವುದು ಹೆಚ್ಚು ತ್ರಾಸು?' ಎಂದು ಕೇಳಿ ಆರೈಕೆಯ ಯೋಜನೆ ಬರೆದವಳಿಗೂ, ಹಿರಿಯರ ರೆಕಾರ್ಡ್ ಪುಸ್ತಕದಿಂದ ನಕಲು ಮಾಡಿದವಳಿಗೂ ಸಮಾನ ಅಂಕ ಬಿದ್ದರೆ, ಆ ಶಿಕ್ಷಣ ಏನನ್ನು ಕಲಿಸಿದಂತಾಯಿತು?

ಒಬ್ಬಳ ಪಾಲಿಗೆ ಹತ್ತಾರು ಹಾಸಿಗೆಗಳಿರುವಾಗ ಕೂರಲು ಹೊತ್ತೆಲ್ಲಿ ಎಂಬ ದಾದಿಯರ ಅಳಲು ನ್ಯಾಯವಾದದ್ದೆಂದೇ ನಾವು ಭಾವಿಸುತ್ತೇವೆ. ಜನರನ್ನು ನೇಮಿಸುವುದು ಆಡಳಿತದ ಹೊಣೆ. ಆದರೂ 'ಮೂರನೇ ಬೆಡ್ಡು' ಎನ್ನದೆ ಹೆಸರು ಹಿಡಿದು ಕರೆಯಲು, ಮೈಮುಟ್ಟುವ ಮುನ್ನ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಹಾಕುವ ಮುನ್ನ ಪರೀಕ್ಷಕರು ಆ ರೋಗಿಯನ್ನೂ ವಿಚಾರಿಸಲಿ ಎಂಬುದು ನಮ್ಮ ಅಪೇಕ್ಷೆ.